ಬಾಕಿ ಪಟ್ಟಿಗೆ ಫಿಲ್ಟರ್ ಹಾಕಿದರೆ ಬಿಲ್‌ಗಳು ಕಾಣೆ: ನಮ್ಮ ಅನುಭವ

ದಾವಣಗೆರೆಯ ಗೆಳೆಯರೊಬ್ಬರು ಕೇಳಿದ್ದಾರೆ: "ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಬಾಕಿ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದು, ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಫಿಲ್ಟರ್ ಹಾಕುತ್ತೇನೆ. ಕೆಲವು ಬಿಲ್ ಬರುವುದೇ ಇಲ್ಲ, ಮೊತ್ತವೂ ತಾಳೆಯಾಗುವುದಿಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?"

ನಾನೂ ಇದೇ ಕೆಲಸದವನು. ನನ್ನ ಅನುಭವದಲ್ಲಿ ಫಿಲ್ಟರ್ ತಪ್ಪು ಮಾಡುವುದು ತೀರಾ ಕಡಿಮೆ. ಕಾಲಂನಲ್ಲಿರುವ ಮಾಹಿತಿಯಲ್ಲೇ ತಪ್ಪು ಕೂತಿರುತ್ತದೆ.

ಮೊದಲು ತಾರೀಖು ನೋಡಿ. ನಾವು ದಿನ-ತಿಂಗಳು-ವರ್ಷ ಅಂತ ಬರೆಯುತ್ತೇವೆ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05-06-2024 ಅನ್ನು ಮೇ 6 ಅಂತ ಓದಿಬಿಡುತ್ತದೆ. 25-06-2024 ಬಂದಾಗ 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಬಿಟ್ಟುಬಿಡುತ್ತದೆ. ಜೂನ್ ಅಂತ ಫಿಲ್ಟರ್ ಹಾಕಿದರೆ ಎರಡೂ ಬಿಲ್ ಸಿಗುವುದಿಲ್ಲ. ಗುರುತಿಸುವುದು ಸುಲಭ: ಫಿಲ್ಟರ್ ಬಾಣ ಒತ್ತಿದಾಗ ಸರಿಯಾದ ತಾರೀಖುಗಳು ವರ್ಷ, ತಿಂಗಳ ಕೆಳಗೆ ಗುಂಪಾಗಿರುತ್ತವೆ, ಅಕ್ಷರವಾದವು ಕೆಳಗೆ ಬಿಡಿಬಿಡಿಯಾಗಿ ಕಾಣುತ್ತವೆ. ಆ ಶೀಟನ್ನೇ ತಿದ್ದಲು ಹೋಗಬೇಡಿ. ತಿಂಗಳು ಅದಲುಬದಲಾದವು ನೋಡಲು ಸರಿಯಾಗೇ ಇರುತ್ತವೆ, ಕೈಗೆ ಸಿಗುವುದಿಲ್ಲ. ವಿಂಡೋಸ್‌ನ ರೀಜನ್ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ, ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಪಟ್ಟಿಯನ್ನು ಮತ್ತೆ ತೆಗೆದು ಹೊಸದಾಗಿ ತೆರೆಯಿರಿ.

ಎರಡನೆಯದು ಪಾರ್ಟಿ, ಅಂದರೆ ಬಿಲ್ ಪಡೆದ ಗಿರಾಕಿಯ ಹೆಸರು. ಒಂದೇ ಅಂಗಡಿ ಒಂದು ಕಡೆ 'ಟ್ರೇಡರ್ಸ್', ಇನ್ನೊಂದು ಕಡೆ 'ಟ್ರೇಡಿಂಗ್'. ಇನ್ನೆಲ್ಲೋ ಮಧ್ಯೆ ಎರಡು ಸ್ಪೇಸ್. ಸ್ಪೇಸ್ ಸಮಸ್ಯೆಯನ್ನು ಟ್ರಿಮ್ ಫಾರ್ಮುಲಾ ಸರಿಮಾಡುತ್ತದೆ, ಸ್ಪೆಲ್ಲಿಂಗ್‌ಗೆ ಅದು ಏನೂ ಮಾಡಲ್ಲ. ಅದಕ್ಕೇ ನಾನು ಹೆಸರಿನ ಮೇಲೆ ಫಿಲ್ಟರ್ ಹಾಕುವುದನ್ನೇ ಬಿಟ್ಟೆ. 15 ಅಕ್ಷರದ ಜಿಎಸ್‌ಟಿ ನಂಬರ್ ಕಾಲಂ ಬಳಸುತ್ತೇನೆ. ಮೊದಲ ಎರಡು ಅಂಕಿ ರಾಜ್ಯದ್ದು, ನಮ್ಮದು 29. '29ರಿಂದ ಶುರು' ಅಂತ ಕೊಟ್ಟರೆ ಕರ್ನಾಟಕದಲ್ಲಿ ನೋಂದಾಯಿಸಿದ ಪಾರ್ಟಿಗಳಷ್ಟೂ ಒಟ್ಟಿಗೆ ಬರುತ್ತವೆ. ನಂಬರ್ ಇಲ್ಲದ ಚಿಲ್ಲರೆ ಗಿರಾಕಿಗಳಿಗೆ ನಾವೇ ಒಂದು ಕೋಡ್ ಕೊಟ್ಟಿದ್ದೇವೆ.

ಮಧ್ಯೆ ಎಲ್ಲಾದರೂ ಪೂರ್ತಿ ಖಾಲಿ ಸಾಲು ಇದೆಯಾ ನೋಡಿ. ಒಂದೇ ಸೆಲ್ ಮೇಲೆ ನಿಂತು ಫಿಲ್ಟರ್ ಹಾಕಿದರೆ ಅದು ಆ ಖಾಲಿ ಸಾಲಿನವರೆಗೆ ಮಾತ್ರ. ಖಾಲಿ ಸಾಲು ತೆಗೆದು, ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿಕೊಂಡರೆ ಮುಂದೆ ಸೇರಿಸುವ ಬಿಲ್‌ಗಳೂ ಅದರೊಳಗೇ ಬರುತ್ತವೆ.

ಮೊತ್ತ ತಾಳೆಯಾಗದಿರಲು ಕಾರಣ ಬಹುಶಃ ಸಮ್ ಫಾರ್ಮುಲಾ. ಅದು ಮರೆಯಾದ ಸಾಲುಗಳನ್ನೂ ಕೂಡುತ್ತದೆ. ಅದರ ಬದಲು ಸಬ್‌ಟೋಟಲ್ ಫಾರ್ಮುಲಾ ಹಾಕಿ, ಬ್ರಾಕೆಟ್ ಒಳಗೆ ಮೊದಲು 109, ಆಮೇಲೆ ಮೊತ್ತದ ಕಾಲಂ ಕೊಡಿ. ಕಣ್ಣಿಗೆ ಕಾಣುವ ಬಿಲ್‌ಗಳಷ್ಟೇ ಕೂಡುತ್ತವೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಫಿಲ್ಟರ್ ಹಾಕಿರುವಾಗ ಪೇಸ್ಟ್ ಮಾಡಬೇಡಿ. ಒಮ್ಮೆ ನಾನು ಹತ್ತಾರು ಬಿಲ್‌ಗಳ ಮುಂದೆ ವಸೂಲಿ ಮಾಹಿತಿ ಪೇಸ್ಟ್ ಮಾಡಿದೆ. ಅದು ಮಧ್ಯದ ಮರೆಯಾದ ಸಾಲುಗಳ ಮೇಲೂ ಕೂತಿತು, ಕೆಳಗಿನ ಬಿಲ್‌ಗಳು ಬಾಕಿ ಅಂತಲೇ ಉಳಿದವು. ಹಣ ಕೊಟ್ಟಿದ್ದ ಹಳೇ ಗಿರಾಕಿಗೆ ಮತ್ತೆ ಫೋನ್ ಹೋಯಿತು. ಅವರು ಬೇಜಾರಾದರು, ನನಗೆ ಇವತ್ತಿಗೂ ಆ ಸಂಕಟ ಇದೆ. ಈಗ ಜಾಗ ಆರಿಸಿ, ಆಲ್ಟ್ ಜೊತೆ ಸೆಮಿಕೋಲನ್ ಒತ್ತುತ್ತೇನೆ, ಕಾಣುವ ಸೆಲ್‌ಗಳು ಮಾತ್ರ ಉಳಿಯುತ್ತವೆ. 'ಬಂದಿದೆ' ಅಂತ ಟೈಪ್ ಮಾಡಿ ಕಂಟ್ರೋಲ್ ಎಂಟರ್. ಅಷ್ಟೇ.

ಇದನ್ನು ಓದಿದ ಹುಬ್ಬಳ್ಳಿಯ ಅಕೌಂಟೆಂಟ್ ಒಬ್ಬರು ತಮ್ಮದನ್ನೂ ಸೇರಿಸಿದ್ದಾರೆ: "ನಾವು ನಾಲ್ವರು ಒಂದೇ ಗೂಗಲ್ ಶೀಟ್ ಬಳಸುತ್ತೇವೆ. ಅಲ್ಲಿ ಮಾಮೂಲಿ ಫಿಲ್ಟರ್ ಹಾಕಿದರೆ ಎಲ್ಲರಿಗೂ ಸಾಲುಗಳು ಮರೆಯಾಗುತ್ತವೆ. 'ನನ್ನ ಬಿಲ್ ಯಾರು ಅಳಿಸಿದ್ದು' ಅಂತ ದಿನಾ ಜಗಳ. ಫಿಲ್ಟರ್ ವ್ಯೂ ಮಾಡಿಕೊಂಡರೆ ನಮ್ಮ ನೋಟ ನಮಗೆ, ಬೇರೆಯವರಿಗೆ ತೊಂದರೆ ಇಲ್ಲ. ಅದಕ್ಕೆ 'ಶನಿವಾರದ ವಸೂಲಿ' ಅಂತ ಹೆಸರಿಟ್ಟಿದ್ದೇವೆ, ಪ್ರತಿ ವಾರ ಅದನ್ನೇ ತೆರೆಯುತ್ತೇವೆ."