ಅಪ್ಪಯ್ಯನಿಗೆ ಸ್ತನ ಕ್ಯಾನ್ಸರ್, ಮಾತ್ರೆ ಬಿಟ್ಟಿದ್ದಾರೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಡಾಕ್ಟ್ರೇ, ನಮ್ಮ ಅಪ್ಪಯ್ಯನಿಗೆ 64 ವರ್ಷ. ಎಡ ಮೊಲೆತೊಟ್ಟಿನ ಹಿಂದೆ ಗಂಟಾಗಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕಂಕುಳಿನ ಗಂಟುಗಳನ್ನೂ ತೆಗೆದು ಆಪರೇಷನ್ ಆಯ್ತು, ರೇಡಿಯೇಷನ್ನೂ ಮುಗೀತು. ಮೊದಲೆಲ್ಲ ಹೆಗಲಿಗೊಂದು ಬೈರಾಸು ಹಾಕಿ ಬರಿಮೈಯಲ್ಲೇ ತೋಟಕ್ಕೆ ಹೋಗ್ತಿದ್ದವರು, ಈಗ ಬಚ್ಚಲಮನೆಯಿಂದ ಬರುವಾಗಲೇ ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಕಿರ್ತಾರೆ. ನೆಂಟರಿಗೆ ‘ಎದೆ ಆಪರೇಷನ್’ ಅಂತಷ್ಟೇ ಹೇಳಿದೀವಿ. ಈಗ ಟಾಮಾಕ್ಸಿಫೆನ್ ‘ಹೆಂಗಸರ ಮಾತ್ರೆ, ಮೈ ಬಿಸಿ ಏರ್ತದೆ’ ಅಂತ ಮೂರು ವಾರದಿಂದ ನುಂಗ್ತಿಲ್ಲ. ಬೈಯ್ಲಾ, ಸುಮ್ಮನಿರ್ಲಾ?

ಉತ್ತರ (ಕ್ಯಾನ್ಸರ್ ತಜ್ಞೆ):
ಬೈಯ್ಬೇಡಿ ತಂಗಿ. ಆದರೆ ಸುಮ್ಮನೂ ಇರಬೇಡಿ, ಈ ವಾರವೇ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗಂಡಸರಿಗೂ ಸ್ವಲ್ಪ ಸ್ತನದ ಅಂಗಾಂಶ ಇರುತ್ತದೆ, ಈಸ್ಟ್ರೋಜನ್ ಅನ್ನುವ ಹಾರ್ಮೋನೂ ಇರುತ್ತದೆ. ನೂರು ಸ್ತನ ಕ್ಯಾನ್ಸರಿನಲ್ಲಿ ಗಂಡಸರದ್ದು ಒಂದೂ ಇರುವುದಿಲ್ಲ, ಅದಕ್ಕೇ ಜನರಿಗೆ ಗೊತ್ತಿಲ್ಲ. ಆದರೆ ಗಂಡಸರಲ್ಲಿ ಹತ್ತಕ್ಕೆ ಒಂಬತ್ತು ಈಸ್ಟ್ರೋಜನ್ನಿನಿಂದ ಬೆಳೆಯುವಂಥದ್ದೇ. ಅದನ್ನು ತಡೆಯುವ ಮಾತ್ರೆ ಇದು, ಸಾಮಾನ್ಯವಾಗಿ 5 ವರ್ಷ ಬೇಕು.

ಇನ್ನೊಂದು ಮಾತು. ಈ ಮಾತ್ರೆಯಿಂದ ಕೆಲವು ಗಂಡಸರಿಗೆ ದಾಂಪತ್ಯದ ತೊಂದರೆಯೂ ಆಗುತ್ತದೆ. ಮಗಳೆದುರು ಯಾವ ಅಪ್ಪ ಹೇಳ್ತಾರೆ? ‘ಬಿಸಿ ಏರ್ತದೆ’ ಅನ್ನುವುದರ ಹಿಂದೆ ಅದೂ ಇರಬಹುದು. ನೀವು ಹೊರಗೆ ಕೂತು, ಅವರನ್ನೊಬ್ಬರನ್ನೇ ಒಳಗೆ ಕಳಿಸಿ. ಎರಡಕ್ಕೂ ಮಾಡುವಂಥದ್ದು ಇದೆ.

ಕಾಲು ಊತ, ಮೀನಖಂಡದ ನೋವು, ಏದುಸಿರು ಬಂದರೆ ಮಾತ್ರ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಕಂಕುಳಿನ ಗಂಟು ತೆಗೆದಿರುವುದರಿಂದ ಎಡಗೈ ಜೋಪಾನ. ಮೆಟ್ಟುಗತ್ತಿಯ ಗಾಯ, ಇಂಬಳ ಕಚ್ಚಿದ್ದು ಯಾವುದೇ ಇರಲಿ, ಕೈ ಕೆಂಪಾಗಿ ಬಿಸಿಯಾದರೆ ಅವತ್ತೇ ತೋರಿಸಿ.

ಪ್ರಶ್ನೆ:
ನಾನೂ, ತಮ್ಮನೂ ಪರೀಕ್ಷೆ ಮಾಡಿಸಬೇಕಾ ಮೇಡಂ?

ಉತ್ತರ:
ಮೊದಲು ಅಪ್ಪಯ್ಯನ ರಕ್ತದಲ್ಲಿ ಬಿಆರ್‌ಸಿಎ ಜೀನ್ ಪರೀಕ್ಷೆ. ಈ ಜೀನಿನಲ್ಲಿ ದೋಷ ಇದ್ದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು. ಅದರಲ್ಲಿ ದೋಷ ಇದ್ದರೆ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗಷ್ಟೇ ಅಲ್ಲ, ತಮ್ಮನಿಗೂ.

ಸಾಗರದಿಂದ ಒಬ್ಬ ಸದಸ್ಯರು:
ತಂಗೀ, ನಂದೂ ಇದೇ ಕಾಯಿಲೆ, ಮಾತ್ರೆ ಶುರುವಾಗಿ ಮೂರು ವರ್ಷ. ಮೊದಲ ಸಲ ಆಸ್ಪತ್ರೆಯಲ್ಲಿ ನನ್ನ ಚೀಟಿ ನೋಡಿ ‘ಪೇಷಂಟ್ ಎಲ್ಲಿ, ಹೆಂಡತಿನ ಕರೀರಿ’ ಅಂದಿದ್ರು. ಅವತ್ತು ಎದ್ದು ಮನೆಗೆ ಬಂದುಬಿಟ್ಟೆ, ಮತ್ತೆ ಹೋಗೋಕೆ ಎರಡು ತಿಂಗಳಾಯ್ತು. ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಅಲ್ಲ, ಈ ಭಾನುವಾರವೇ ಬರ್ತೀನಿ. ತೋಟ ನೋಡೋಕೆ ಬಂದೆ ಅಂತ್ಲೇ ಅಪ್ಪಯ್ಯನಿಗೆ ಹೇಳಿ, ಉಳಿದದ್ದು ನಾವಿಬ್ರೇ ಮಾತಾಡ್ಕೋತೀವಿ.