ಸೌಂಡ್ ಬ್ಲಾಸ್ಟರ್ 16: ಮ್ಯೂಸಿಕ್ ಇದೆ, ಗುಂಡಿನ ಸದ್ದಿಲ್ಲ

ಹಳೇಪೆಂಟಿಯಂ: ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ ರಾಶಿಯಲ್ಲಿ ಸೌಂಡ್ ಬ್ಲಾಸ್ಟರ್ 16 ಅನ್ನುವ ಸೌಂಡ್ ಕಾರ್ಡ್ ಸಿಕ್ಕಿತು, ಹಳೇ ಕಂಪ್ಯೂಟರಿನ ಐಎಸ್‌ಎ ಸ್ಲಾಟಿಗೆ ಹಾಕುವಂಥದ್ದು. ಡಾಸ್ (ವಿಂಡೋಸ್‌ಗೆ ಮುಂಚಿನ ಸಿಸ್ಟಂ) ಗೇಮಿನಲ್ಲಿ ಮ್ಯೂಸಿಕ್ ಬರುತ್ತೆ, ಆದರೆ ಗುಂಡಿನ ಸದ್ದು, ಮಾತು ಒಂದೂ ಇಲ್ಲ, ಸಾಲದ್ದಕ್ಕೆ ಬಲಗಡೆ ಸ್ಪೀಕರ್ ಸದಾ ಗುಂಯ್ ಅನ್ನುತ್ತೆ. ಕೆಪಾಸಿಟರ್ ಬದಲಿಸಿದರೆ ಸರಿ ಹೋಗುತ್ತಾ?

ಡಾಸ್‌ಪ್ರೇಮಿ: ಗುರು, ಸೋಲ್ಡರಿಂಗ್ ಐರನ್ ಆಮೇಲೆ ಹಿಡಿ. ಮ್ಯೂಸಿಕ್ ಬರುತ್ತಿದೆ ಅಂದರೆ ಮ್ಯೂಸಿಕ್ ಹುಟ್ಟಿಸುವ ಎಫ್‌ಎಂ ಚಿಪ್ ಚೆನ್ನಾಗಿದೆ, ಅದಕ್ಕೆ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಲೈನ್), ಡಿಎಂಎ (ಮೆಮೊರಿಯಿಂದ ಕಾರ್ಡಿಗೆ ನೇರವಾಗಿ ಡೇಟಾ ಹೋಗುವ ದಾರಿ) ಬೇಕಿಲ್ಲ. ಗುಂಡಿನ ಸದ್ದು ರೆಕಾರ್ಡ್ ಮಾಡಿದ ಸೌಂಡು, ಅದಕ್ಕೆ ಎರಡೂ ಬೇಕು. ಡಾಸ್ ಶುರುವಾಗುವಾಗ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಬ್ಲಾಸ್ಟರ್ ಸಾಲು ನೋಡು, ಸಾಮಾನ್ಯವಾಗಿ ಎ220 ಐ5 ಡಿ1 ಎಚ್5 ಟಿ6 ಅಂತಿರುತ್ತೆ. ಐ ಅಂದರೆ ಐಆರ್‌ಕ್ಯೂ ನಂಬರ್, ಡಿ, ಎಚ್ ಅಂದರೆ ಡಿಎಂಎ. ಐ7 ಇದ್ದರೆ ಅದೇ ನಂಬರ್ ಬಳಸುವ ಪ್ರಿಂಟರ್ ಪೋರ್ಟಿನ ಜೊತೆ ಜಗಳ ಅಷ್ಟೆ.

ಬೆಸುಗೆ_ಬಸವ: ಗುಂಯ್‌ಗೆ ಮೊದಲು ಕಾರ್ಡಿನ ವಾಲ್ಯೂಮ್ ಹೊಂದಿಸುವ ಮಿಕ್ಸರ್ ಪ್ರೋಗ್ರಾಮಿನಲ್ಲಿ ಮೈಕ್, ಲೈನ್-ಇನ್ ಮ್ಯೂಟ್ ಮಾಡಿ, ಸ್ಪೀಕರ್ ವೈರ್ ಎಡಬಲ ಬದಲಿಸಿ ನೋಡಿ, ತಪ್ಪು ಕಾರ್ಡಿನದೋ ಸ್ಪೀಕರಿನದೋ ಗೊತ್ತಾಗುತ್ತೆ. ಕೊನೆಗೆ ಕೆಪಾಸಿಟರ್. ಅದರ ಮೇಲಿನ ಮೈಕ್ರೋಫ್ಯಾರಡ್ ಅಳತೆ ಹಳೆಯದರಷ್ಟೇ ಇರಲಿ, ವೋಲ್ಟ್ ಜಾಸ್ತಿಯಾದರೂ ಪರವಾಗಿಲ್ಲ. ಮೈನಸ್ ಪಟ್ಟಿ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ನಾನು ಒಂದನ್ನು ಉಲ್ಟಾ ಹಾಕಿ ಢಂ ಅನ್ನಿಸಿದ್ದೆ, ಮನೆಯೆಲ್ಲಾ ಸುಟ್ಟ ಮೀನಿನ ವಾಸನೆ!

ಹಳೇಪೆಂಟಿಯಂ: ಐ7 ಇತ್ತು ಮಾರಾಯ್ರೇ! ಕಾರ್ಡನ್ನೂ ಆ ಸಾಲನ್ನೂ 5ಕ್ಕೆ ಇಟ್ಟೆ, ಈಗ ಗುಂಡು ಹಾರುತ್ತಿದೆ. ಗುಂಯ್ ಮಾತ್ರ ಹಾಗೇ ಇದೆ, ಭಾನುವಾರ ಬಿಚ್ಚುತ್ತೇನೆ.