ಪದ ಬೇಕು: ಜೀವಕೋಶದ ‘ಅಪ್‌ಟೇಕ್’ಗೆ ಕನ್ನಡದಲ್ಲಿ ಏನನ್ನೋಣ?

ಹಾಸನದಿಂದ:
ನಮಸ್ಕಾರ. ಇಲ್ಲಿನ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಬರೆದುಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು. ಸೆಲೆನಿಯಂ ಎಂಬ ಧಾತು ಜೀವಕೋಶದೊಳಕ್ಕೆ ಹೇಗೆ ಸೇರುತ್ತದೆ, ಕ್ಯಾನ್ಸರ್ ವಿಷಯದಲ್ಲಿ ಅದರಿಂದ ಉಪಯೋಗವುಂಟೇ ಎಂಬುದು ವಿಷಯ. ಕರುಳಿನ ಕೆಲಸಕ್ಕೆ ‘ಹೀರಿಕೆ’ ಎಂದು ಆಗಲೇ ಬರೆದಿದ್ದೇನೆ. ಜೀವಕೋಶದ ‘ಅಪ್‌ಟೇಕ್’ಗೆ, ಎಂದರೆ ಹೊರಗಿನದನ್ನು ಕೋಶ ಒಳಕ್ಕೆ ತೆಗೆದುಕೊಳ್ಳುವುದಕ್ಕೆ, ಬೇರೆ ಪದ ಬೇಕು, ಎರಡೂ ಒಂದೇ ಫ್ಲೆಕ್ಸಿನಲ್ಲಿ ಬರುತ್ತವೆ. ‘ಗ್ರಹಣ’ ಆದೀತೇ?

ಚಿಕ್ಕಮಗಳೂರಿನಿಂದ:
ಬೇಡ. ಬರ್ಜೀಲಿಯಸ್ 1817ರಲ್ಲಿ ಈ ಧಾತುವನ್ನು ಕಂಡುಹಿಡಿದಾಗ ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರಿಟ್ಟ. ‘ಸೆಲೆನಿಯಂ ಗ್ರಹಣ’ ಎಂದರೆ ಚಂದ್ರನಿಗೇ ಗ್ರಹಣ ಹಿಡಿಸಿದಂತೆ. ಹೆಸರಿನ ಮೂಲ ತಿಳಿಯದವರಿಗೂ ಆ ಪದ ಆಕಾಶವನ್ನೇ ನೆನಪಿಸುತ್ತದೆ. ‘ಅವಶೋಷಣೆ’ಯೂ ಬೇಡ. ಶೋಷಣೆ ಎಂದರೆ ಜನಕ್ಕೆ ಇಂದು ದಬ್ಬಾಳಿಕೆ.

ಬೇಲೂರಿನಿಂದ:
‘ಹೀರು’ ಇರುವಾಗ ಈ ಚರ್ಚೆಯೇ ಅನಗತ್ಯ. ಹಳಗನ್ನಡದ ‘ಪೀರ್’ ಅದು, ತೆಲುಗಿನ ‘ಪೀಲ್ಚು’ವಿಗೆ ನಂಟು. ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಊರಿನ ಹೆಸರು ಇನ್ನೂ ಪಕಾರದಲ್ಲೇ ಇದೆ. ಪಕಾರ ಹಕಾರವಾದ ಆ ದಾರಿಯಲ್ಲೇ ಪೀರ್ ಹೀರಾಯಿತು. ಕರುಳಿಗೆ ಹೀರಿಕೆ, ಕೋಶಕ್ಕೆ ಒಳಹೀರಿಕೆ. ಹಾಗೆಯೇ ‘ಜೀವಕೋಶ’ ಬಿಟ್ಟು ‘ಸೂಲುಗೂಡು’ ಎಂದು ಬರೆಯಿರಿ.

ಹಾಸನದಿಂದ:
ಸೂಲುಗೂಡು ಆಗದು. ಓದುವವರು ಹೈಸ್ಕೂಲು ಮಕ್ಕಳು. ಪಾಠದಲ್ಲಿ ಅವರು ಕಲಿತದ್ದು ಜೀವಕೋಶ.

ಸಕಲೇಶಪುರದಿಂದ:
ಜೀವಶಾಸ್ತ್ರ ಪಾಠ ಹೇಳಿದವನು ನಾನು. ಪದ ಹುಡುಕುವ ಮೊದಲು ಕೆಲಸ ನೋಡಿ. ಕೋಶ ಹೀರುವುದಿಲ್ಲ. ಸೆಲೆನೋಮೆಥಿಯೋನಿನ್ ರೂಪದಲ್ಲಿ ಬಂದ ಸೆಲೆನಿಯಂ ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆಂದೇ ಇರುವ ಬಾಗಿಲಿನಿಂದ ಒಳಬರುತ್ತದೆ. ಕೋಶಕ್ಕೆ ಎರಡರ ವ್ಯತ್ಯಾಸ ತಿಳಿಯದು. ಯಕೃತ್ತು ತನಗೆ ಬಂದ ಸೆಲೆನಿಯಂ ಅನ್ನು ಸೆಲೆನೋಪ್ರೋಟೀನ್ ಪಿ ಎಂಬ ಪ್ರೋಟೀನಿನಲ್ಲಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಮಿದುಳು ಮತ್ತು ವೃಷಣದ ಕೋಶಗಳ ಮೈಮೇಲಿನ ಪ್ರೋಟೀನೊಂದು ಅದನ್ನು ಹಿಡಿಯುತ್ತದೆ, ಪೊರೆ ಒಳಕ್ಕೆ ಮಡಚಿ ಅದನ್ನು ಚೀಲದಂತೆ ಸೇರಿಸಿಕೊಳ್ಳುತ್ತದೆ. ಇನ್ನು ಸೆಲೆನೈಟ್ ಎಂಬ ಸೆಲೆನಿಯಂ ಲವಣವಾದರೆ, ಕೋಶವೇ ಹೊರಕ್ಕೆ ಬಿಟ್ಟ ಗಂಧಕದ ಸಂಯುಕ್ತಗಳು ಅದನ್ನು ಹೊರಗಡೆಯೇ ಮಾರ್ಪಡಿಸುತ್ತವೆ, ಆಮೇಲೆ ಅದು ಒಳಸೇರುತ್ತದೆ. ಇದೆಲ್ಲ ಹೀರುವುದೇ? ನಮ್ಮ ಕಡೆ ತೋಟದವರು ‘ಗಿಡ ಗೊಬ್ಬರ ಎಳ್ಕೊಂಡಿಲ್ಲ’ ಅನ್ನುತ್ತಾರೆ. ಆ ಮಾತು ಹತ್ತಿರ ಬರುತ್ತದೆ.

ಇನ್ನೊಂದು. ಹೀಗೆ ಕೋಶದ ಮೈಮೇಲಿದ್ದು ಹಿಡಿಯುವ ಪ್ರೋಟೀನಿಗೆ, ಎಂದರೆ ರಿಸೆಪ್ಟರ್‌ಗೆ, ‘ಗ್ರಾಹಕ’ ಎಂದು ಬರೆದಿದ್ದರೆ ಹೊಡೆದುಹಾಕಿ. ಗ್ರಾಹಕ ಎಂದರೆ ಅಂಗಡಿಗೆ ಬರುವವನು.

ಬೇಲೂರಿನಿಂದ:
ತೋಟದ ಮಾತು ತೋಟಕ್ಕೆ. ಹಲಗೆಗೆ ನಾಮಪದ ಬೇಕು. ಕನ್ನಡದ ಬೇರಿನಿಂದ ಕಟ್ಟುವುದು ಬಿಟ್ಟು ಸಂಸ್ಕೃತ, ಇಂಗ್ಲಿಷುಗಳ ಸಾಲಕ್ಕೆ ಕೈಚಾಚಿಯೇ ನಮ್ಮ ವಿಜ್ಞಾನದ ಬರವಣಿಗೆ ಹೀಗಾಗಿದೆ.

ಚಿಕ್ಕಮಗಳೂರಿನಿಂದ:
ನೀವೇ ಹೇಳಿದ ಹಲ್ಮಿಡಿ ಕಲ್ಲಿನ ಮೊದಲ ಪದ ‘ಜಯತಿ’. ಸಂಸ್ಕೃತದ ಉದ್ದುದ್ದ ಸಮಾಸಗಳ ನಡುವೆ ದಾನದ ಮಾತು ಮುಗಿಯುವುದು ‘ಕೊಟ್ಟಾರ್’ ಎಂದು. ನಾಮಪದ ಎಲ್ಲಿಂದಲಾದರೂ ಬರಲಿ, ಕ್ರಿಯಾಪದ ನಮ್ಮದಿದ್ದರೆ ವಾಕ್ಯ ಕನ್ನಡವೇ. ಹಾಸನದವರೇ, ನಾಮಪದದ ಹಟ ಬಿಡಿ, ಕ್ರಿಯಾಪದ ಬರೆಯಿರಿ.

ಬೇಲೂರಿನಿಂದ:
ಕಲ್ಲು ಕೆತ್ತಿಸಿದ ಅರಸರ ರೂಢಿ ಅದು, ಉಳುವವನ ಮಾತಲ್ಲ. ಒಪ್ಪುವುದಿಲ್ಲ.

ಹಾಸನದಿಂದ:
ಕ್ರಿಯಾಪದದ ಸಲಹೆ ಹಿಡಿಸಿತು. ಈಗ ಉಪಶೀರ್ಷಿಕೆ: ‘ಕ್ಯಾನ್ಸರ್ ನಿವಾರಣೆಯಲ್ಲಿ ಸೆಲೆನಿಯಂನ ಸಂಭಾವ್ಯ ಪಾತ್ರ’. ಇದು ನಡೆದೀತೇ?

ಚಿಕ್ಕಮಗಳೂರಿನಿಂದ:
‘ನಿವಾರಣೆ’ ತೆಗೆಯಿರಿ. ನಮ್ಮ ಮನೆಯಲ್ಲೇ ಈ ಕಾಯಿಲೆ ಕಂಡಿದ್ದೇನೆ. ಆ ದಿನಗಳಲ್ಲಿ ‘ನಿವಾರಕ’ ಎಂದು ಬರೆದ ಡಬ್ಬಿ ಯಾವುದೇ ಇರಲಿ, ತರಿಸಿಬಿಡುತ್ತಿದ್ದೆವು. ಎಷ್ಟು ‘ಸಂಭಾವ್ಯ’ ಸೇರಿಸಿದರೂ ಕಣ್ಣಿಗೆ ಬೀಳುವುದು ನಿವಾರಣೆಯೊಂದೇ.

ಸಕಲೇಶಪುರದಿಂದ:
ಅವರು ಹೇಳಿದ್ದು ಸರಿ, ವಿಜ್ಞಾನವೂ ಅದನ್ನೇ ಹೇಳುತ್ತದೆ. ಸೆಲೆನಿಯಂ ಇರುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಕೋಶವನ್ನು ಪೆರಾಕ್ಸೈಡುಗಳಿಂದ ಕಾಯುತ್ತದೆ, ಆಸೆ ಹುಟ್ಟಲು ಅದೊಂದು ಕಾರಣ. 1996ರಲ್ಲಿ ಅಮೆರಿಕದಲ್ಲಿ 1,312 ಜನರ ಮೇಲಿನ ಸೆಲೆನಿಯಂ ಪರೀಕ್ಷೆಯ ಫಲ ಪ್ರಕಟವಾಯಿತು. ಚರ್ಮದ ಕ್ಯಾನ್ಸರ್ ತಗ್ಗಲಿಲ್ಲ, ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗಿದಂತೆ ಕಂಡಿತು. ಅದನ್ನು ಒರೆಗೆ ಹಚ್ಚಲು ಸೆಲೆಕ್ಟ್ ಎಂಬ ಪರೀಕ್ಷೆ ನಡೆಯಿತು. 35,000ಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಸೆಲೆನಿಯಂ ಪಾಲಿಗೆ ಬಂದವರಿಗೆ ದಿನಕ್ಕೆ 200 ಮೈಕ್ರೋಗ್ರಾಂ. ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದರು. ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು ಎಂಬುದು ಅಮೆರಿಕದ ಶಿಫಾರಸು. ಹೆಚ್ಚಾಗುತ್ತ ಹೋದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಇದನ್ನೂ ಫ್ಲೆಕ್ಸಿನಲ್ಲಿ ಬರೆಯಿರಿ. ‘ಪಾತ್ರ’ವೂ ಬೇಡ, ನಾಟಕದ್ದೋ ಅಡುಗೆಮನೆಯದೋ ಎಂದು ಮಕ್ಕಳು ತಡವರಿಸುತ್ತಾರೆ.

ಹಾಸನದಿಂದ:
ಎಲ್ಲರಿಗೂ ಕೃತಜ್ಞತೆ. ಕಳಿಸುತ್ತಿರುವುದು ಇದು:
‘ಜೀವಕೋಶ ಸೆಲೆನಿಯಂ ಅನ್ನು ಹೇಗೆ ಒಳಗೆಳೆದುಕೊಳ್ಳುತ್ತದೆ? ಅದು ಕ್ಯಾನ್ಸರನ್ನು ತಡೆದೀತೇ? ದೊಡ್ಡ ಪರೀಕ್ಷೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಲಿಲ್ಲ. ಅಗತ್ಯದ ಪ್ರಮಾಣ ಅತಿ ಸಣ್ಣದು, ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ.’
ರಿಸೆಪ್ಟರ್ ‘ರಿಸೆಪ್ಟರ್’ ಆಗಿಯೇ ಉಳಿಯಿತು.

ಬೇಲೂರಿನಿಂದ:
‘ಪ್ರಮಾಣ’ ಯಾಕೆ? ‘ಅಳತೆ’ ಇದೆಯಲ್ಲ. ಹನ್ನೊಂದಕ್ಕೆ ಇನ್ನೂ ಹೊತ್ತಿದೆ, ತಿದ್ದಿ.